ಇನ್ನೂರ ಹನ್ನೆರಡು ಹಣ್ಣು

ಹತ್ತರ ಗುಡ್ಡೆ ಇಪ್ಪತ್ತೊಂದು, ಮೇಲೊಂದು. ಗುಮ್ಮಿ ಬೀಜಗಳನ್ನೆಲ್ಲ ಮತ್ತೆ ಒಟ್ಟು ಮಾಡಿ, ಮತ್ತೆ ಹತ್ತು ಹತ್ತರಂತೆ ಬಿಡಿಸಿದಳು. ಇನ್ನೂರ ಹನ್ನೊಂದೇ. ನಿನ್ನೆ ಸಂಜೆ ತೊಳೆಯುವಾಗ ಎಣಿಸಿದ ಚೆರ್ರಿ ಇನ್ನೂರ ಹನ್ನೆರಡು. ಒಲೆಯ ಮೇಲೆ ಹೂರಣ ಆಗಲೇ ಗಟ್ಟಿಯಾಗಿ ದಪ್ಪ ದಪ್ಪ ಗುಳ್ಳೆ ಬಿಡುತ್ತಿತ್ತು. ಬೀಜದ ಲೆಕ್ಕ ಸಿಗುವ ತನಕ ಒಲೆ ಹಚ್ಚಬಾರದು ಎಂಬುದು ದೊಡ್ಡಮ್ಮನ ಕಟ್ಟಪ್ಪಣೆ. ಇವತ್ತು ಅವಸರಕ್ಕೆ ಹಚ್ಚಿಬಿಟ್ಟಿದ್ದಳು.

ಮುಂದಿನ ಕೋಣೆಯಲ್ಲಿ ದೊಡ್ಡಮ್ಮನನ್ನು ಮಲಗಿಸಿದ್ದರು. ಹತ್ತೂವರೆಗೆ ಸ್ಮಶಾನಕ್ಕೆ ಒಯ್ಯುವ ಗಾಡಿ ಬರುವುದಿತ್ತು.

"ಆರು ಪೈಗೆ ಆಗೋಷ್ಟು ಹಿಟ್ಟಿನ ತಟ್ಟೆ ಸುಟ್ಟು ತಂದಿದ್ದೀನಮ್ಮ," ಎಂದು ಬೇಕರಿ ಯಜಮಾನರು ರಟ್ಟಿನ ಪೆಟ್ಟಿಗೆಯನ್ನು ಅಡಿಗೆಮನೆಯ ಕಟ್ಟೆಗಿಟ್ಟರು. "ಮುಗಿಸಿಕೊಂಡು ಬಂದಮೇಲೆ ತುಂಬಿಸಿ ಎಲ್ಲರಿಗೂ ಕೊಟ್ಟರಾಯ್ತು, ಅವರ ಕೊನೇ ಆಸೆ. ಆಹಾ, ಅದೇ ವಾಸನೆ! ಒಂಬತ್ತು ವರ್ಷ ಆಯ್ತಲ್ಲ?"

ಅವರ ಬೆನ್ನಿಗೇ ಮೇಷ್ಟ್ರು ಇಣುಕಿದರು. ಬೀದಿಯವರೆಲ್ಲ ಅವರನ್ನು ಕರೆಯುವುದೇ 'ಹಲ್ಲಿನ ಮೇಷ್ಟ್ರು' ಎಂದು.

"ಎಣಿಸಿದ್ದೀಯ ತಾನೇ ಮಗಾ? ನನ್ನ ಹತ್ತಿರ ಇನ್ನು ಇರೋ ಹಲ್ಲು ಹನ್ನೊಂದೇ."

"ಪೈಗೆ ಹನ್ನೊಂದು ಧಾರಾಳ ಆಯ್ತು, ಬನ್ನಿ," ಎಂದು ಯಜಮಾನರು ಅವರ ತೋಳು ಹಿಡಿದು ನಡೆಸಿಕೊಂಡು ಹೋದರು. ಹೊರಗೆ ಯಾರೋ ಸಣ್ಣಗೆ ನಕ್ಕು, ಎಲ್ಲಿದ್ದೇವೆಂದು ನೆನಪಾಗಿ ಕೆಮ್ಮಿದರು.

ಗುಮ್ಮಿ ನಗಲಿಲ್ಲ. ಏನು ಕೇಳಿದರೂ ಬಾಯಿ ಬಿಡದ ಗುಮ್ಮನಗುಸಕಿ ಎಂದು ದೊಡ್ಡಮ್ಮ ಇಟ್ಟ ಹೆಸರು ಅದು. ಹಣ್ಣಿನ ಡಬ್ಬಿಯನ್ನೂ ದೊಡ್ಡಮ್ಮನೇ ತಂದಿಟ್ಟಿದ್ದಳು, ಸಾಯುವ ದಿನ ಬೆಳಿಗ್ಗೆ. ತಂದವಳೇ ಫೋನು ಮಾಡಿದ್ದಳು: "ಈ ಸಲ ಮಾಡೋಣ ಕಣೇ, ಮನೆ ಮಟ್ಟಿಗೆ. ಎಣಿಸೋದು ಮಾತ್ರ ನೀನು. ನನ್ನ ಕಣ್ಣು ನಂಬೋ ಹಾಗಿಲ್ಲ."

ಈ ಸಲ ಹೇಳಿಯೇಬಿಡುತ್ತೇನೆ ಎಂದು ಗುಮ್ಮಿ ಬಸ್ಸಿನಲ್ಲಿ ನಾಲ್ಕು ಗಂಟೆ ಮಾತು ಜೋಡಿಸಿಕೊಂಡು ಬಂದಿದ್ದಳು. ಬಂದಾಗ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿದ್ದಿತ್ತು.

*

ಆಗ ಅವಳಿಗೆ ಹದಿನಾಲ್ಕು. ಬೇಸಿಗೆ ರಜೆಗೆ ಬಂದವಳು ಕಟ್ಟೆಯ ಮೇಲೆ ಕೂತು, ಕೂದಲ ಪಿನ್ನಿನಿಂದ ಚೆರ್ರಿಯ ಬೀಜ ತೆಗೆಯುತ್ತಿದ್ದಳು. ತೊಟ್ಟಿನ ತೂತಿಗೆ ಪಿನ್ನು ತೂರಿಸಿ, ಅರ್ಧ ಸುತ್ತು ತಿರುಗಿಸಿ ಎಳೆದರೆ ಬೀಜ ಟಪ್ಪೆಂದು ಈಚೆ. ಹಣ್ಣು ಸಕ್ಕರೆಯಲ್ಲಿ ನೆನೆದು ರಸ ಬಿಟ್ಟಮೇಲೆ ನಿಂಬೆ, ಚಿಟಿಕೆ ಉಪ್ಪು, ನೀರಲ್ಲಿ ಕದಡಿದ ಕಾರ್ನ್‌ಫ್ಲೋರ್. ದೊಡ್ಡಮ್ಮ ಅದನ್ನು ಜಾಡಿಗೆ ತುಂಬಿ, ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಮಾಡಿದ ಚೀಟಿ ಅಂಟಿಸಿ ಬೇಕರಿಗೆ ಕಳಿಸುವಳು. ಚೀಟಿಯಲ್ಲಿ ಮೂರು ಸಾಲು: ಹಣ್ಣು ಇಷ್ಟು, ಬೀಜ ಇಷ್ಟು, ಎಣಿಸಿದವಳು ಇಂಥವಳು.

ಅವತ್ತು ಒಂದು ಬೀಜ ಕಡಿಮೆ ಬಂತು. ಆರುನೂರು ಹಣ್ಣನ್ನು ಮತ್ತೆ ಒಂದೊಂದೇ ಹಿಚುಕಿ ನೋಡಬೇಕು. ಕೋಣೆಯಲ್ಲಿ ಅವಳು ಬರೆಯುತ್ತಿದ್ದ ಡೈರಿ ಅರ್ಧ ವಾಕ್ಯಕ್ಕೆ ನಿಂತಿತ್ತು.

"ಸರಿಹೋಯ್ತೇನೇ?" ದೊಡ್ಡಮ್ಮ ಹಿತ್ತಲಿಂದ ಕೂಗಿದಳು.

ಕಿಟಕಿಯ ದಂಡೆಯ ಮೇಲೆ ಹಿಂದಿನ ದಿನದ ಬೀಜಗಳು ಒಣಗುತ್ತಿದ್ದವು. ಮಂಡಿನೋವಿಗೆ ಬಿಸಿ ಮಾಡಿ ಇಟ್ಟುಕೊಳ್ಳುವ ಚೀಲಕ್ಕೆಂದು. ಗುಮ್ಮಿ ಅದರಲ್ಲೊಂದನ್ನು ತೆಗೆದಳು. ಅದು ಬಿಳಿಚಿಕೊಂಡಿತ್ತು. ಬಟ್ಟಲಿನ ರಸದಲ್ಲಿ ಹೊರಳಿಸಿ ಕೆಂಪು ಮಾಡಿ, ರಾಶಿಗೆ ಸೇರಿಸಿದಳು.

"ಹ್ಞೂಂ."

ನಾಲ್ಕನೆಯ ದಿನ ಬೇಕರಿ ಯಜಮಾನರು ಒಂದು ಕೈಯಲ್ಲಿ ಚೀಟಿ, ಇನ್ನೊಂದರಲ್ಲಿ ಕಾಗದದಲ್ಲಿ ಮಡಚಿದ ಬೀಜ ಹಿಡಿದು ಬಂದರು. ಪೈಯೊಳಗಿದ್ದ ಆ ಬೀಜ ಕಡಿದು ಮೇಷ್ಟ್ರ ದವಡೆ ಹಲ್ಲು ಸೀಳಿಹೋಗಿತ್ತು. ಗುಮ್ಮಿ ಬಾಗಿಲ ಹಿಂದೆ ನಿಂತಿದ್ದಳು. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಗುಮ್ಮಿಯ ಹೆಸರಿದ್ದ ಚೀಟಿಯನ್ನೂ ಬೀಜವನ್ನೂ ಬಹಳ ಹೊತ್ತು ನೋಡಿ, "ಎಣಿಸಿದ್ದು ನಾನೇ," ಎಂದಳು.

ರಾತ್ರಿ ಗುಮ್ಮಿಗೆ ಎಂದಿನಂತೆ ತಲೆ ಬಾಚಿ ಜಡೆ ಹಾಕಿದಳು. ಒಂದು ಮಾತು ಬೈಯಲಿಲ್ಲ. "ನೀನು ಕೂತಿದ್ದೆ, ಆದರೂ ಕೊನೇಲಿ ಒಂದು ಸಲ ರಾಶಿ ಎಣಿಸಿ ನೋಡಿದ್ದು ನಾನಲ್ವೇ? ವಯಸ್ಸಾಯ್ತು ಬಿಡು."

ಆಮೇಲೆ ಅವಳು ಬೇಕರಿಗೆ ಕೊಡುವುದನ್ನು ನಿಲ್ಲಿಸಿದಳು. ಮೂರು ಸಲ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಮೂರು ಸಲವೂ ಅವರು ಕಣ್ಣು ಚೆನ್ನಾಗಿದೆ ಎಂದರು. ಅವಳು ನಂಬಲಿಲ್ಲ. ರಸ್ತೆ ದಾಟುವಾಗ ಗುಮ್ಮಿಯ ಮಣಿಕಟ್ಟು ಹಿಡಿದುಕೊಳ್ಳತೊಡಗಿದಳು. "ನಿನ್ನ ಕಣ್ಣು ಚುರುಕು. ನೋಡ್ಕೊಂಡು ಕರ್ಕೊಂಡು ಹೋಗು."

*

"ಗಾಡಿ ಬಂತು, ಬಾರೇ." ಅಕ್ಕ, ದೊಡ್ಡಮ್ಮನ ಮಗಳು, ಬಾಗಿಲಲ್ಲಿ ನಿಂತಿದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. "ಅದೇನು, ತಟ್ಟೆ ತುಂಬ ಹರವಿಕೊಂಡಿದ್ದೀಯ?"

ಗುಮ್ಮಿ ಅಗಲದ ತಟ್ಟೆಗೆ ಹೂರಣ ಸುರಿದು, ಎರಡು ಚಮಚದಲ್ಲಿ ಒಂದೊಂದೇ ಹಣ್ಣನ್ನು ಮಗುಚುತ್ತಿದ್ದಳು. ಸಾಲದೆ ಬೆರಳು ಹಾಕಿದಳು. ಸುಟ್ಟಿತು.

"ಒಂದು ಬೀಜ ಕಮ್ಮಿ."

"ಹಾಳಾಗಿ ಹೋಗ್ಲಿ ಬಿಡೇ! ಅಮ್ಮನ್ನ ಎತ್ತೋ ಹೊತ್ತಲ್ಲಿ ಬೀಜ ಹುಡುಕ್ತಾರಾ?"

"ಅವತ್ತೂ ಒಂದು ಕಮ್ಮಿ ಇತ್ತು, ಅಕ್ಕ."

"ಯಾವತ್ತು?"

ಬಸ್ಸಿನಲ್ಲಿ ಜೋಡಿಸಿದ ಮಾತು ಒಂದೂ ನೆನಪಾಗಲಿಲ್ಲ. ಕಿಟಕಿಯ ದಂಡೆ, ಒಣ ಬೀಜ, ರಸದಲ್ಲಿ ಹೊರಳಿಸಿದ್ದು, ಇಷ್ಟನ್ನು ತಟ್ಟೆಗೆ ಹೇಳುವಂತೆ ಹೇಳಿದಳು. "ದೊಡ್ಡಮ್ಮನ ಕಣ್ಣಿಗೆ ಏನೂ ಆಗಿರ್ಲಿಲ್ಲ," ಎಂದಳು ಕೊನೆಗೆ.

ಅಕ್ಕ ಗೋಡೆಗೆ ಒರಗಿದಳು. ಹೊರಗೆ ಗಾಡಿಯ ಹಾರ್ನು ಒಂದು ಸಲ ಕೂಗಿತು.

"ಸೂಜಿಗೆ ದಾರ ಹಾಕ್ಕೊಡು ಅಂತ ನನ್ನ ಹತ್ರ ಬರೋಳು. ದಿನಾ ಬರೋಳು. ಒಂದಿನ ರೇಗಿ, ಕುರುಡಿ ಥರ ಆಡ್ಬೇಡ ಅಂದ್ಬಿಟ್ಟೆ." ಅವಳ ದನಿ ಸಣ್ಣದಾಯಿತು. "ಆಮೇಲೆ ಅವಳು ಹೊಲಿಗೆ ಮುಟ್ಟಲೇ ಇಲ್ಲ. ಒಂಬತ್ತು ವರ್ಷ ಬಾಯಲ್ಲೇನು ಇಟ್ಕೊಂಡಿದ್ದೆಯೇ ನೀನು?"

ಅಕ್ಕ ಹೊಡೆಯುತ್ತಾಳೆ ಎಂದು ಗುಮ್ಮಿ ಅಂದುಕೊಂಡಳು. ಹೊಡೆದರೆ ಒಳ್ಳೆಯದು ಎಂದುಕೊಂಡಳು. ಅಕ್ಕ ತೋಳಿನ ಬಟ್ಟೆ ಮೇಲೆ ಮಡಚಿ ತಟ್ಟೆಗೆ ಕೈಯಿಟ್ಟಳು. ಇಬ್ಬರೂ ಆ ಅಂಚಿನಿಂದ ಈ ಅಂಚಿಗೆ ಹುಡುಕಿದರು. ಹಣ್ಣುಗಳು ಬೆರಳ ನಡುವೆ ಜಾರಿದವು. ಬೀಜ ಸಿಗಲಿಲ್ಲ.

ಹಾರ್ನು ಮತ್ತೆ ಕೂಗಿತು.

ಗುಮ್ಮಿ ಹೂರಣವನ್ನು ಪಾತ್ರೆಗೆ ತುಂಬಿ ಮುಚ್ಚಿದಳು. ಮೇಲಿನ ಹಲಗೆಯ ತಗಡಿನ ಡಬ್ಬಿಯಲ್ಲಿ ದೊಡ್ಡಮ್ಮ ಕತ್ತರಿಸಿಟ್ಟ ಚೀಟಿಗಳು ಹಾಗೇ ಇದ್ದವು. ಒಂದನ್ನು ತೆಗೆದು ಪೆನ್ಸಿಲಿನಲ್ಲಿ ಬರೆದಳು. ಹಣ್ಣು ೨೧೨. ಬೀಜ ೨೧೧. ಎಣಿಸಿದವಳು ಗುಮ್ಮಿ. ಸ್ವಲ್ಪ ತಡೆದು ಇನ್ನೊಂದು ಸಾಲು ಸೇರಿಸಿದಳು: ಒಂಬತ್ತು ವರ್ಷದ ಹಿಂದೆಯೂ ಗುಮ್ಮಿಯೇ.

ಅಕ್ಕ ಅದನ್ನು ಓದಿ, ಹಿಂಬದಿಗೆ ತನ್ನ ಬೆರಳಿನ ಪಾಕವನ್ನೇ ಸವರಿ, ಮುಚ್ಚಳದ ನಡುಮಧ್ಯಕ್ಕೆ ಒತ್ತಿದಳು.

"ಎಲ್ಲರೂ ಕಾಯ್ತಿದ್ದಾರೆ, ಬನ್ರಮ್ಮ," ಎಂದು ಮೇಷ್ಟ್ರು ಒಳಗೆ ಬಂದರು. ಇಬ್ಬರ ಕೆಂಪು ಕೈಗಳನ್ನು ನೋಡಿದರು, ಪಾತ್ರೆಯನ್ನು ನೋಡಿದರು. ಜೇಬಿನಿಂದ ಕನ್ನಡಕ ತೆಗೆದು ಮುಚ್ಚಳದ ಮೇಲೆ ಬಗ್ಗಿದರು. ನಾಲ್ಕೇ ಸಾಲು, ಆದರೂ ಅವರು ತಲೆಯೆತ್ತಲಿಲ್ಲ. ಅವರ ನಾಲಿಗೆ ಒಳಗಿನಿಂದ ಎಡಗೆನ್ನೆಯನ್ನು, ಹಲ್ಲಿಲ್ಲದ ಆ ಜಾಗದಲ್ಲಿ, ಮೆಲ್ಲಗೆ ಒತ್ತುತ್ತಿತ್ತು.