ಕಂಬಳಿಗೆ ಕೊಟ್ಟ ಗೆಲುವು

೧

೧೯೩೮ರಲ್ಲಿ ಹೊಳೆನರಸೀಪುರದ ಕುಸ್ತಿಮಟ್ಟಿಯಲ್ಲಿ ಹೊಲಗೇರಿಯ ದೊಡ್ಡಯ್ಯ ಚನ್ನರಾಯಪಟ್ಟಣದ ಪೈಲ್ವಾನ್ ಪಂಚಾಕ್ಷರಯ್ಯನನ್ನು ಕೆಡವಿ ಬೆನ್ನನ್ನು ಮಣ್ಣಿಗೆ ತಾಗಿಸಿದ. ಕುಸ್ತಿ ಕಮಿಟಿಯವರು ಗೆಲುವನ್ನು ಒಂದು ಕಂಬಳಿಗೆ ಕೊಟ್ಟರು.

೨

ಹೀಗೆ ಶುರು ಮಾಡಬಹುದೇ? ಆಗಿದ್ದನ್ನೆಲ್ಲ ಬಾಗಿಲಲ್ಲೇ ಉಗುಳಿಬಿಟ್ಟರೆ ನೀವು ಪುಸ್ತಕ ಮಗುಚಿ ಕಾಫಿಗೆ ಎದ್ದು ಹೋಗುತ್ತೀರಿ. ಹಳೆಯ ಡ್ರಾಫ್ಟಿನಲ್ಲಿ ಹೇಮಾವತಿಯ ಮೇಲೆ ಚಂದವಾಗಿ ಸೂರ್ಯನನ್ನು ಹುಟ್ಟಿಸಿದ್ದೆ. ಹಾಸನದ ನಮ್ಮ ಓದುಬಳಗದಲ್ಲಿ ಅದನ್ನು ಓದಿದಾಗ ಗೆಳತಿ ಪ್ರೇಮಕುಮಾರಿ, "ಇವ್ನ್ಯಾಕ್ರೀ ಇಲ್ಲಿ? ಸಾಕ್ಷಿ ಹೇಳಕ್ಕೆ ಬಂದವ್ನಾ?" ಎಂದಳು. ಸೂರ್ಯನನ್ನು ಅಲ್ಲೇ ಮುಳುಗಿಸಿದೆ.

೩

ಪಂಚಾಕ್ಷರಯ್ಯ ಅರಕಲಗೂಡಿನ ಗರಡಿಯನ್ನು ಬಡಿದು ಮುಗಿಸಿ ಹೊಳೆನರಸೀಪುರಕ್ಕೆ ಬಂದಿದ್ದ. ಇಲ್ಲಿನ ಪೈಲ್ವಾನರಿಗೂ ಮಣ್ಣು ಮುಕ್ಕಿಸಿ, "ಗಂಡಸ್ರೆಲ್ಲ ತೆಂಗಿನಕಾಯಿ ಯಾಪಾರಕ್ಕೆ ವೋಗವ್ರಾ?" ಎಂದು ತೊಡೆ ತಟ್ಟಿದ.

ಊರಿನ ಮಾನಕ್ಕೆ ಬಂತು. ಆಗ ಊರಿಗೆ ದೊಡ್ಡಯ್ಯ ನೆನಪಾದ.

ಗರಡಿಯ ಕೆಮ್ಮಣ್ಣನ್ನು ಜರಡಿ ಹಿಡಿದು ಹೊತ್ತು ತರುವವರು ದೊಡ್ಡಯ್ಯ ಮತ್ತು ಅವನ ಅವ್ವ ಲಕ್ಕಮ್ಮ. ಮಣ್ಣು ಒಳಗೆ ಹೋಗುತ್ತಿತ್ತು, ಹೊತ್ತವರು ಹೊಸಿಲಾಚೆ ನಿಲ್ಲುತ್ತಿದ್ದರು. ಹೊಳೆಯ ಮರಳಿನಲ್ಲಿ ದೊಡ್ಡಯ್ಯ ಕೇರಿಯ ಹುಡುಗರನ್ನು ಎತ್ತಿ ಒಗೆಯುವುದನ್ನು ಊರೆಲ್ಲ ನೋಡಿತ್ತು, ನೋಡಿಲ್ಲವೆಂದೂ ಹೇಳುತ್ತಿತ್ತು.

ಅವನು ಗೆಲ್ಲಬೇಕು. ಆದರೆ ಮುಟ್ಟಬಾರದು.

೪

ಕಮಿಟಿ ಕೂತಿತು. ಅಧ್ಯಕ್ಷರು ಅಕ್ಕಿ ಮಂಡಿಯ ಚಂದ್ರಶೇಖರಯ್ಯ. ಶಾಸ್ತ್ರ ಹೇಳುವುದಕ್ಕೆ ತಿರುನಾರಾಯಣಾಚಾರ್ಯರು.

"ಒಂದೊಂದು ಕೋಲು ಕೊಟ್ಟು ಆಡ್ಸಿದ್ರೆ?" ಆಚಾರ್ಯರು ಕೇಳಿದರು.

"ಅದು ದೊಣ್ಣೆವರಸೆ ಆಗೋಯ್ತದೆ ಸ್ವಾಮಿ. ಕುಸ್ತಿ ಅಂದ್ಮೇಲೆ ತೆಕ್ಕೆಗೆ ಬೀಳ್ಲೇಬೇಕು."

"ಹಾಗಾದ್ರೆ ಕಂಬಳಿ. ಉಣ್ಣೆಗೆ ಮೈಲಿಗೆ ತಟ್ಟೋದಿಲ್ಲ. ರೇಷ್ಮೆಗೂ ತಟ್ಟೋದಿಲ್ಲ."

"ರೇಷ್ಮೆ ಬ್ಯಾಡಿ. ಹರದೋಯ್ತದೆ."

ದೊಡ್ಡಯ್ಯನಿಗೆ ಕುತ್ತಿಗೆಯಿಂದ ಮಂಡಿಯವರೆಗೆ ಕಂಬಳಿ ಸುತ್ತಿ, ನಡುವಿಗೆ ಹಗ್ಗ ಬಿಗಿದು ಮಟ್ಟಿಗಿಳಿಸುವುದೆಂದು ತೀರ್ಮಾನವಾಯಿತು.

(ನಗುತ್ತಿದ್ದೀರಿ. ಹೌದು, ಇದು ನಾನು ಕಟ್ಟಿದ್ದು. ಕಟ್ಟುವ ಸಾಮಾನನ್ನು ಮಾತ್ರ ನೀವು ಮಡಿಬಟ್ಟೆ ಹರವುವ ಮಡಿಕೋಲಿನಿಂದಲೇ ಇಳಿಸಿಕೊಂಡೆ.)

(ಅದೇ ಕಾಲದಲ್ಲಿ ದೂರದ ಬ್ರೆಜಿಲ್‌ನಲ್ಲಿ ದಪ್ಪ ಅಂಗಿ ತೊಟ್ಟು, ಎದುರಾಳಿಯ ಕಾಲರೋ ತೋಳೋ ಹಿಡಿದೆಳೆದು ಕೆಡವುವ ಜುಜುತ್ಸು ಬೆಳೆಯುತ್ತಿತ್ತು. ಅಲ್ಲಿ ಬಟ್ಟೆ ಇದ್ದದ್ದು ಹಿಡಿಯುವುದಕ್ಕೆ. ಪ್ರಬಂಧ ಬರೆಯುವವರು ಇಲ್ಲಿಂದ ಮುಂದುವರಿಸಿಕೊಳ್ಳಿ, ನನಗೆ ಕುಸ್ತಿ ಇದೆ.)

೫

ಇಬ್ಬರೂ ತೆಕ್ಕೆಗೆ ಬಿದ್ದರು. ದೊಡ್ಡಯ್ಯನ ಕೈ ಕಂಬಳಿಯೊಳಗೇ ಒದ್ದಾಡಿತು. ಪಂಚಾಕ್ಷರಯ್ಯ ಉಣ್ಣೆಯನ್ನು ಎರಡು ಮುಷ್ಟಿ ಹಿಡಿದು ಅವನನ್ನು ರಾಗಿ ಮೂಟೆಯ ಹಾಗೆ ಅತ್ತಿಂದಿತ್ತ ಎಳೆದಾಡಿದ.

"ಏನ್ಲಾ, ನಿನ್ ಕೂಡ ಆಡ್ಲೋ, ಕುರಿ ಕೂಡ ಆಡ್ಲೋ?"

"ಟಗರು ಅಂತ್ಲೇ ತಿಳ್ಕಳಿ ಸಾ. ಗುದ್ದುದ್ಮೇಲೆ ಯೋಳೀರಂತೆ."

ಎಳೆದಾಟಕ್ಕೆ ಹಗ್ಗ ಜಾರಿತು. ದೊಡ್ಡಯ್ಯ ಕೂತವನಂತೆ ಕುಸಿದು ಕಂಬಳಿಯ ಅಡಿಯಿಂದ ಆಚೆ ಬಂದ. ಪಂಚಾಕ್ಷರಯ್ಯ ಖಾಲಿ ಕಂಬಳಿಯನ್ನು ಹೆಂಡತಿಯಂತೆ ಅವುಚಿಕೊಂಡು ನಿಂತಿದ್ದ. ಅಷ್ಟರಲ್ಲಿ ಲಂಗೋಟಿಯ ದೊಡ್ಡಯ್ಯ ಅವನ ಹೊಟ್ಟೆಗೆ ಹೆಗಲು ಕೊಟ್ಟು, ಎರಡೂ ಮಂಡಿಗಳ ಹಿಂದೆ ಕೈ ಹಾಕಿ, ಎತ್ತಿ ಕೆಡವಿದ. ಕಂಬಳಿ ಹಾರಿ ದಂಡೆಯ ಮೇಲೆ ಬಿತ್ತು. ಕೆಡವಿ, ಕಂಕುಳಡಿ ಪಟ್ಟು ಹಾಕಿ, ಎದೆಯ ಮೇಲೆ ಎದೆಯೂರಿ ಮಲಗಿದ.

ಪಂಚಾಕ್ಷರಯ್ಯ ಚಿತ್. ಜನ ಬಾಯಿ ತೆರೆದರು. ಕೂಗು ಹೊರಡಲಿಲ್ಲ.

೬

ಕಮಿಟಿಯ ಕಷ್ಟ ನೋಡಿ. ದೊಡ್ಡಯ್ಯ ಗೆದ್ದನೆಂದರೆ ಮುಟ್ಟಿದನೆಂದಾಯಿತು. ಮುಟ್ಟಿದನೆಂದರೆ ಪಂಚಾಕ್ಷರಯ್ಯ ಮೈಲಿಗೆ, ಮಟ್ಟಿ ಮೈಲಿಗೆ, ಆ ಮಣ್ಣು ಬಳಿದುಕೊಂಡು ಕೂತ ಊರಿನ ಪೈಲ್ವಾನರೆಲ್ಲ ಮೈಲಿಗೆ. ಸೋತನೆಂದರೆ ಊರಿನ ಮಾನ ಹೋಯಿತು.

ಆಚಾರ್ಯರು ಕಣ್ಣು ಮುಚ್ಚಿ, ತೆರೆದು, "ಕೆಡವಿದ್ದು ಕಂಬಳಿ" ಎಂದರು.

"ಹೊಳೆನರಸೀಪುರದ ಕಂಬಳಿಗೆ ಜಯವಾಗಲಿ!" ಅಧ್ಯಕ್ಷರು ಕೂಗಿದರು. ಈಗ ಜನಕ್ಕೂ ದನಿ ಬಂತು. ಕಂಬಳಿಯನ್ನು ಗಳುವಿಗೆ ಸುತ್ತಿ ಜರಿಪೇಟ ಕಟ್ಟಿದರು.

ಬೇಲಿಯಾಚೆಯಿಂದ ಲಕ್ಕಮ್ಮ, "ಅಂಗೇ ಒಂದು ಮೀಸೆನೂ ಅಂಟಿಸ್ರಪ್ಪೋ! ಎಣ್ಣು ನೋಡಾಕೆ ಅನುಕೂಲ ಆಯ್ತದೆ!" ಎಂದಳು.

೭ (ಕೊನೆ, ಒಂದನೆಯದು)

ಕೆಳಗೆ ಬಿದ್ದಿದ್ದ ಪಂಚಾಕ್ಷರಯ್ಯ ಅರಚಿದ: "ಕಂಬಳಿ ಕೈಲಿ ಸೋತೆ ಅಂದ್ರೆ ಚನ್ರಾಯ್ಪಟ್ಣದಲ್ಲಿ ಮಕ್ಳೂ ಉಗೀತವೆ ಕಣ್ರೀ! ಕೆಡವ್ದೋನು ಇವ್ನೇ!"

ಓದುಬಳಗದಲ್ಲಿ ಚಪ್ಪಾಳೆ ಬಿತ್ತು. ನಾನು ಹಾಳೆ ಹರಿದೆ. ದೊಡ್ಡಯ್ಯನ ಗೆಲುವನ್ನು ಸೋತವನೇ ದಾನ ಕೊಡಬೇಕೇ? ಅಲ್ಲದೆ ಕಮಿಟಿಯವರು ಅದನ್ನೂ ಜೀರ್ಣಿಸಿಕೊಂಡರು: "ಪಾಪ, ತಲೆಗೆ ಏಟು ಬಿದ್ದದೆ."

೭ (ಕೊನೆ, ಮತ್ತೊಂದು)

ದೊಡ್ಡಯ್ಯ ಎದ್ದು ಕಂಬಳಿಗೆ ಬೆಂಕಿ ಇಡುತ್ತಾನೆ. ಭಾಷಣ ಮಾಡುತ್ತಾನೆ. ಭಾಷಣ ನಾನೇ ಬರೆದಿದ್ದೆ, ಬೆಂಕಿಯಂಥದ್ದು.

"ಬಾಸಣ ಮಾಡಾಕೆ ಏಳ್ಬೇಕಲ್ವಾ ಸಾ?" ದೊಡ್ಡಯ್ಯ ಮಲಗಿದ್ದಲ್ಲಿಂದಲೇ ಕೇಳಿದ.

"ಏಳಬೇಕಪ್ಪ."

"ನಾ ಎದ್ರೆ ಇವ್ನೂ ಏಳ್ತಾನೆ. ಇವ್ನು ಎದ್ದು ಮಣ್ಣು ಕೊಡವ್ಕಂಡ ಅಂದ್ರೆ ಬಿದ್ದಿದ್ದು ಯಾರು, ಕೆಡವ್ದೋರು ಯಾರು? ಈಗ ಎಲ್ರಿಗೂ ಕಾಣ್ತಾ ಅದೆ."

"ಲೇ, ಮೂಗು ಕೆರೀತದೆ ಕಣ್ಲಾ," ಅವನ ಅಡಿಯಿಂದ ಪಂಚಾಕ್ಷರಯ್ಯ.

ದೊಡ್ಡಯ್ಯ ಅವನ ಮೂಗು ಕೆರೆದ. ಆಚಾರ್ಯರು ಮುಖ ತಿರುಗಿಸಿಕೊಂಡರು.

ಇನ್ನೂ ೭

ದೊಣ್ಣೆಗಳು ಬಂದವು. ಆದರೆ ಹೊಡೆಯುವವನು ಮೈಲಿಗೆಯಾಗಿರಬಹುದಾದ ಮಟ್ಟಿಯೊಳಕ್ಕೆ ಇಳಿಯಬೇಕು. ಯಾರೂ ಇಳಿಯಲಿಲ್ಲ. ದಂಡೆಯಿಂದ ಚಾಚಿದರೆ ದೊಣ್ಣೆ ಎಟುಕಲಿಲ್ಲ. ಉದ್ದದ ಗಳು ತನ್ನಿ ಎಂದರು. ಇದ್ದ ಗಳುವಿನ ಮೇಲೆ ಪೇಟ ಕಟ್ಟಿಕೊಂಡ ಕಂಬಳಿ ಇತ್ತು.

"ಏಳ್ಲಾ ಮೇಲೆ! ಕಂಬಳಿ ಹೊದ್ಕಂಡು ಆಚೆ ನಡಿ!" ಚಂದ್ರಶೇಖರಯ್ಯ ಗದರಿದರು. "ನಾಳೆಯಿಂದ ಕೇರಿಗೆ ಕೂಲಿ ಸಿಕ್ಕಾಕಿಲ್ಲ, ತಿಳ್ಕೋ."

ಅದು ಬರಿಯ ಬೆದರಿಕೆಯಲ್ಲ ಎಂದು ದೊಡ್ಡಯ್ಯನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಅದಕ್ಕೇ ನಾನೂ ಮೆತ್ತಗೆ ಹೇಳಿದೆ, "ಏಳು ದೊಡ್ಡಯ್ಯ. ಓದುವವರಿಗೆ ಎಲ್ಲ ತಿಳಿಯಿತು. ಕಥೆ ಮುಗಿಸೋಣ."

ಅವನು ಬೇಲಿಯ ಕಡೆ ನೋಡಿದ. ಲಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು.

ದೊಡ್ಡಯ್ಯ ಪಂಚಾಕ್ಷರಯ್ಯನ ಕಂಕುಳಡಿಯ ಪಟ್ಟನ್ನು ಇನ್ನೊಂದು ಸುತ್ತು ಬಿಗಿದ.

"ನನ್ ಎಸ್ರು ಕೂಗಿ. ಅಲ್ಲೀಗಂಟ ಅವ್ರು ಯೋಳುದ್ರೂ ಏಳಾಕಿಲ್ಲ, ನೀವು ಯೋಳುದ್ರೂ ಏಳಾಕಿಲ್ಲ."