ಗೋಡೆಯ ಮೇಲಿನ ಶಾಲೆ

ಪೇಂಟರ್ ಗೋಡೆಯ ಮೇಲೆ ಬರೆದ ಈಜುಕೊಳದಲ್ಲಿ ಮೂರು ಕಾಗೆಗಳು ಸ್ನಾನ ಮಾಡಿದವು, ಅವುಗಳಲ್ಲೊಂದಕ್ಕೆ ನೆಗಡಿಯೂ ಆಯಿತು. ಇದು ಸುಳ್ಳಾದರೆ ನಾಲಗೆ ಬಿದ್ದುಹೋಗಲಿ, ಆ ಕಾಗೆಯದು. ಆ ಕೊಳದ ನೀಲಿ ಅಂಥದ್ದು. ಅದನ್ನು ಕಂಡು ಆಕಾಶಕ್ಕೇ ನಾಚಿಕೆಯಾಗಿ, ಒಂದಿಡೀ ವಾರ ಮೋಡ ಹೊದ್ದುಕೊಂಡು ಮಲಗಿತ್ತು. ಬೀದಿಯಲ್ಲಿ ಹೋಗುವ ಗಂಡಸರು ಗೋಡೆಯ ಹತ್ತಿರ ಬಂದಾಗ ಪ್ಯಾಂಟಿನ ಕಾಲು ಮೇಲೆ ಮಡಚಿಕೊಳ್ಳುತ್ತಿದ್ದರು.

ಗೋಡೆ ಹೊಸ ಖಾಸಗಿ ಶಾಲೆಯದು. ಉದ್ದ ಎಷ್ಟೆಂದರೆ, ಈ ತುದಿಯಲ್ಲಿ ಪ್ರೈಮರ್ ಹಚ್ಚಲು ಶುರುಮಾಡಿದವನಿಗೆ ಆ ತುದಿ ಮುಟ್ಟುವಷ್ಟರಲ್ಲಿ ಗಡ್ಡ ಎದೆಗಿಳಿಯಬೇಕು. ಶಾಲೆಯ ಮ್ಯಾನೇಜರ್ ಗೇಟಿನಲ್ಲೇ ನಿಂತು, ಈಜುಕೊಳ, ಪುಸ್ತಕಾಲಯ, ಪ್ರಯೋಗಾಲಯ, ಕುದುರೆ ಸವಾರಿ, ಇಷ್ಟೂ ಬರಬೇಕು ಎಂದು ಬಾಯಲ್ಲೇ ಹೇಳಿ ಮುಗಿಸಿದ್ದ. ಕೂಲಿಯ ಮಾತು ಬಂದಾಗ, "ಕೆಲಸ ಚೆನ್ನಾಗಿ ಮಾಡಿಕೊಡಿ, ನಿಮ್ಮ ಮಗಳಿಗೇ ಇಲ್ಲೊಂದು ಸೀಟು ಕೊಟ್ಟುಬಿಡ್ತೀವಿ" ಎಂದಿದ್ದ. ಪೇಂಟರನಿಗೆ ಏಣಿಯ ತುದಿಯಲ್ಲೇ ಕುಣಿಯುವಷ್ಟು ಖುಷಿಯಾಯಿತು. ಏಣಿ ಒಪ್ಪಲಿಲ್ಲ, ಅಷ್ಟೇ.

ಒಪ್ಪದೆ ಇದ್ದದ್ದು ಏಣಿಯೊಂದೇ ಅಲ್ಲ. ಮಗಳೂ ಒಪ್ಪಲಿಲ್ಲ.

ಮಗಳನ್ನು ಮನೆಯಲ್ಲಿ ಸಾಸಿವೆ ಎಂದೇ ಕರೆಯುತ್ತಿದ್ದರು. ಗಾತ್ರವೂ ಅಷ್ಟೇ, ಸಿಡಿಯುವುದೂ ಹಾಗೆಯೇ. ಹಿಂದಿನ ಬೀದಿಯ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದಳು. ಅಲ್ಲಿ ಐದು ತರಗತಿಗಳಿಗೆ ಎರಡು ಕೋಣೆ, ಎರಡು ಕೋಣೆಗೂ ಸೇರಿ ಒಬ್ಬರೇ ಟೀಚರ್. ಅವರು ಈ ಕೋಣೆಯಲ್ಲಿ ಭಾಗಾಕಾರ ಶುರುಮಾಡಿದರೆ ಆ ಕೋಣೆಯಲ್ಲಿ ಗಲಾಟೆ ಶುರುವಾಗುತ್ತಿತ್ತು. ಅತ್ತ ಓಡುತ್ತಿದ್ದರು. ಶೇಷ ಹಲಗೆಯ ಮೇಲೆ ಹಾಗೇ ಉಳಿದಿರುತ್ತಿತ್ತು. ಅವರು ಇಲ್ಲದಾಗ ಒಂದನೇ ಕ್ಲಾಸಿನ ಚಿಳ್ಳೆಪಿಳ್ಳೆಗಳಿಗೆ ಸಾಸಿವೆಯೇ ಟೀಚರ್.

"ನಾನು ಬರಲ್ಲ" ಎಂದಳು ಅವಳು. "ನಾಳೆ ಮ್ಯಾನೇಜರ್ ನನ್ನ ಕೇಳ್ತಾರೆ ತಾನೆ, ಇಲ್ಲಿ ಓದೋಕೆ ಇಷ್ಟಾನಾ ಅಂತ? ಇಲ್ಲ ಅಂದುಬಿಡ್ತೀನಿ."

"ಅಯ್ಯೋ ನಮ್ಮವ್ವ, ಬಾಯಿಗೆ ಬಂದ ತುತ್ತು ಕಣೆ ಅದು!"

"ಒಂದನೇ ಕ್ಲಾಸಿನವರಿಗೆ ಮಗ್ಗಿ ಯಾರು ಹೇಳಿಕೊಡ್ತಾರೆ? ನಾನು ಇಲ್ಲದಿದ್ರೆ ಅವರು ಎರಡೆರಡ್ಲಿ ಐದು ಅಂತಾರೆ."

"ಅಂದ್ರೆ ಅನ್ಲಿ ಬಿಡು, ಲಾಭಾನೇ ಅಲ್ವಾ?" ಎಂದ ಪೇಂಟರ್. ಮಗಳು ನಗಲಿಲ್ಲ. ಆಗ ಅವನು ತನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಕೈಹಾಕಿದ. "ಸಂಜೆ ಗೋಡೆ ಹತ್ರ ಬಾ. ಒಳಗೆ ಏನೇನಿದೆ ಅಂತ ತೋರಿಸ್ತೀನಿ. ಆಮೇಲೆ ನೀನೇ ನನ್ನ ಎಳ್ಕೊಂಡು ಹೋಗ್ತೀಯ."

ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಹುಷಾರು ಮಗಳೇ. ನಮ್ಮಪ್ಪನ ಹತ್ರಾನೂ ನಿಮ್ಮಪ್ಪ ಹೀಗೇ ಮೂರಂತಸ್ತಿನ ಮನೆ ಇದೆ ಅಂದಿದ್ರು. ಮದುವೆ ಆಗಿ ಬಂದು ನೋಡಿದ್ರೆ, ಏಣಿ ಹತ್ತಿ ನಿಂತಾಗ ಮಾತ್ರ ಮೂರಂತಸ್ತು."

ಸಂಜೆಯ ಬಿಸಿಲು ಗೋಡೆಯ ಮೇಲೆ ಓರೆಯಾಗಿ ಬಿದ್ದಿತ್ತು. ಹಸಿ ಬಣ್ಣದ ವಾಸನೆ ಬೀದಿಯನ್ನೆಲ್ಲ ತುಂಬಿ, ನಡೆಯುವವರ ಹೆಜ್ಜೆಗಳು ನಿದ್ದೆಯಲ್ಲಿಟ್ಟ ಹಾಗೆ ನಿಧಾನವಾಗಿದ್ದವು. ಪೇಂಟರ್ ಬ್ರಷ್ಷನ್ನು ಟರ್ಪೆಂಟೈನ್ ಡಬ್ಬಿಯಲ್ಲಿ ಅದ್ದಿಟ್ಟು, ಮಗಳ ಕೈ ಹಿಡಿದು ಗೋಡೆಗುಂಟ ನಡೆಸಿದ.

"ಇದು ಕೊಳ. ಬಿಸಿಲಿಗೆ ತಣ್ಣಗಿರುತ್ತೆ, ಚಳಿಗೆ ಬೆಚ್ಚಗಿರುತ್ತೆ. ಈಜು ಬರದ ಮಕ್ಕಳನ್ನ ನೀರೇ ಎತ್ತಿ ದಡಕ್ಕೆ ಬಿಡುತ್ತೆ." ನೀಲಿಯ ಹೊಳಪು ಸಾಸಿವೆಯ ಕೆನ್ನೆಯ ಮೇಲೆ ಅಲೆಯಂತೆ ಆಡಿತು. "ಇದು ಪುಸ್ತಕಾಲಯ. ಈ ಕಡೆಯಿಂದ ಹೊರಟ ಮಗು ಆ ಕಡೆ ಸೇರೋಕೆ ಬುತ್ತಿ ಕಟ್ಕೊಂಡು ಹೋಗಬೇಕು. ದಾರೀಲಿ ನಿದ್ದೆ ಬಂದ್ರೆ ದಪ್ಪ ಪುಸ್ತಕ ದಿಂಬು, ತೆಳ್ಳಗಿರೋದು ಹೊದಿಕೆ. ಎದ್ದಾಗ ಕಥೆ ತಲೆ ಒಳಗೆ ತಾನೇ ಇಳಿದಿರುತ್ತೆ. ಇದು ಪ್ರಯೋಗಾಲಯ. ಈ ಸೀಸೆಗಳಲ್ಲಿ ಕಾಮನಬಿಲ್ಲನ್ನ ಬಣ್ಣಬಣ್ಣಕ್ಕೆ ಬಿಡಿಸಿ ತುಂಬಿಟ್ಟಿದಾರೆ. ಯಾರಿಗೆ ಯಾವ ಬಣ್ಣ ಬೇಕೋ ಮನೆಗೆ ತಗೊಂಡು ಹೋಗಬಹುದು, ಬೆಳಿಗ್ಗೆ ವಾಪಸ್ ಕೊಟ್ಟರಾಯ್ತು."

ಅವಳ ನಡಿಗೆ ನಿಧಾನವಾಯಿತು. ಕಣ್ಣುಗಳು ಅರೆಮುಚ್ಚಿದವು. ಪೇಂಟರನಿಗೂ ಹೇಳುತ್ತ ಹೇಳುತ್ತ ಕಾಲು ನೆಲ ಬಿಟ್ಟಂತಿತ್ತು. ತಾನು ಬರೆದ ಕಂಬಗಳ ನಡುವೆ ಮಗಳು ಹೊಸ ಶೂ ಹಾಕಿಕೊಂಡು ನಡೆದುಹೋಗುವುದು, ತಿರುಗಿ ಕೈಬೀಸುವುದು, ಗೋಡೆ ಅವಳನ್ನು ಒಳಗೆ ತೆಗೆದುಕೊಂಡು ಮೆಲ್ಲಗೆ ಮುಚ್ಚಿಕೊಳ್ಳುವುದು ಎಲ್ಲ ಅವನಿಗೆ ಕಂಡಿತು. ಅವನು ತನ್ನ ಮಾತನ್ನು ತಾನೇ ನಂಬಿದ್ದು ಅದು ಮೊದಲ ಸಲವೇನಲ್ಲ.

"ಅಪ್ಪ."

"ಹ್ಞೂಂ."

"ಈ ಕುದುರೆ ನಮ್ಮ ಬೀದಿ ಕತ್ತೆ ಅಲ್ವಾ?"

ಪೇಂಟರ್ ನೆಲಕ್ಕಿಳಿದ. "ಏ, ಯಾವ ಕತ್ತೆ? ಅರಬ್ಬಿ ಕುದುರೆ ಅದು!"

"ಎಡಗಿವಿ ಹರಿದಿದೆ ನೋಡು. ನಾಯಿ ಕಚ್ಚಿದ ಕಿವಿ." ಸಾಸಿವೆ ಹಿಂದಕ್ಕೆ ನಡೆದಳು. "ಈ ಸೀಸೆಗಳೆಲ್ಲ ಅಮ್ಮನ ಎಣ್ಣೆ ಬಾಟಲಿ. ಈ ಪುಸ್ತಕದ ಬೀರು ನಮ್ಮ ಸ್ಕೂಲಿಂದು, ಒಂದು ಕಾಲಿಗೆ ಇಟ್ಟಿಗೆ ಕೊಟ್ಟಿರೋದೂ ಹಾಗೇ ಬಂದಿದೆ." ಅವಳು ತಂದೆಯ ಮುಖ ನೋಡಿದಳು. "ನೀನು ಒಳಗೆ ಹೋಗಿದೀಯಾ?"

"ಹೋಗದೆ ಬರೀತಾರೇನೆ? ಮೂಲೆಮೂಲೆ..."

"ಅಪ್ಪ."

ಸುಳ್ಳು ಅವನ ಗಂಟಲಿನವರೆಗೆ ಬಂತು, ಎಂದಿನಂತೆ ಅಲಂಕಾರ ಮಾಡಿಕೊಂಡು. ಹೊರಗೆ ಬರಲು ಮಾತ್ರ ಅದಕ್ಕೆ ಮುಖವಿರಲಿಲ್ಲ. ಅವನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕುಕ್ಕರಿಸಿದ.

"ಇಲ್ಲ ಕಣೆ. ಗೇಟಿನೊಳಗೇ ಬಿಟ್ಟಿಲ್ಲ. ಕೊಳ ಇದೆಯೋ ಇಲ್ಲವೋ ನಂಗೊತ್ತಿಲ್ಲ. ಕುದುರೆ ಕೆನೆದಿದ್ದಂತೂ ಕೇಳಿಲ್ಲ."

"ಮತ್ತೆ ನನ್ನ ಯಾಕೆ ಕಳಿಸ್ತೀಯ?"

ಅವನು ಬೆರಳಿಗಂಟಿದ ಬಣ್ಣವನ್ನು ಕೆರೆಯುತ್ತ ಕುಳಿತ.

"ಏಣಿ ಮೇಲೆ ನಿಂತ್ರೆ ಆ ಕಡೆ ಒಂದು ಕಿಟಕಿ ಕಾಣುತ್ತೆ. ಒಳಗೆ ಏನೂ ವಿಶೇಷ ಇಲ್ಲ. ಬೆಂಚು, ಹಲಗೆ. ಒಬ್ಬ ಟೀಚರಮ್ಮ ಭಾಗಾಕಾರ ಹೇಳ್ತಿದ್ರು. ಹಿಂದಿನ ಬೆಂಚಿನ ಹುಡುಗಿಗೆ ತಿಳೀಲಿಲ್ಲ. ಅವರು ಹೋಗಿ ಅವಳ ಪಕ್ಕ ಕೂತ್ಕೊಂಡು ಮತ್ತೆ ಹೇಳಿದ್ರು. ಇನ್ನೂ ತಿಳೀಲಿಲ್ಲ, ಇನ್ನೊಂದು ಸಲ ಹೇಳಿದ್ರು. ಪಕ್ಕದ ಕೋಣೆಯಿಂದ ಯಾರೂ ಅವರನ್ನ ಕೂಗಲಿಲ್ಲ. ಗಂಟೆ ಹೊಡೆಯೋವರೆಗೂ ಅಲ್ಲೇ ಇದ್ರು."

"ಗಂಟೆ ಹೊಡೆಯೋವರೆಗೂ?"

"ಹ್ಞೂಂ. ನಾನು ಬ್ರಷ್ ಹಿಡ್ಕೊಂಡು ನೋಡ್ತಾನೇ ನಿಂತಿದ್ದೆ. ಬಣ್ಣ ತೋಳಿನವರೆಗೆ ಸೋರಿತ್ತು, ಗೊತ್ತಾಗಲಿಲ್ಲ. ಹೊಟ್ಟೆ ಉರೀತು ಸಾಸಿವೆ."

"ಅದನ್ನ ಯಾಕೆ ಗೋಡೆ ಮೇಲೆ ಬರೀಲಿಲ್ಲ?"

"ಬರಿ ಅಂತ ಮ್ಯಾನೇಜರ್ ಹೇಳಲಿಲ್ಲ. ಅವರಿಗೆ ಅದೊಂದು ದೊಡ್ಡ ವಿಷಯಾನೇ ಅಲ್ಲ."

ಬಿಸಿಲು ಗೋಡೆ ಬಿಟ್ಟು ಮರಗಳ ತುದಿಗೆ ಏರಿತ್ತು. ಸಾಸಿವೆ ಹಿಂದಿನ ಬೀದಿಯ ಕಡೆ ತಿರುಗಿ ಒಂದೊಂದೇ ಬೆರಳು ಮಡಚತೊಡಗಿದಳು. ಒಂದನೇ ಕ್ಲಾಸಿನ ಪುಟ್ಟಪುಟ್ಟ ತಲೆಗಳನ್ನು ಅವಳು ಎಣಿಸುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು.

"ಆಯ್ತು. ನಾಳೆ ಕೇಳಿದ್ರೆ ಇಷ್ಟ ಅಂತೀನಿ" ಎಂದಳು ಕೊನೆಗೆ, ಅಳು ನುಂಗಿಕೊಂಡು. "ಅಲ್ಲಿ ಎಲ್ಲಾ ಕ್ಲಾಸಿಗೂ ಅಂಥ ಟೀಚರ್ ಇದಾರಾ?"

ಒಂದೊಂದು ಮಗುವಿಗೂ ಇಬ್ಬಿಬ್ಬರು ಟೀಚರ್ ಎನ್ನಲು ಅವನ ಬಾಯಿ ತೆರೆದೇ ಇತ್ತು.

"ನಾನು ನೋಡಿದ್ದು ಒಂದೇ ಕಿಟಕಿ ಕಣಮ್ಮ" ಎಂದ. "ಒಂದೇ ದಿನ."