ಗಡಿಗೆ ಒರೆಸುವ ಗಂಟು

ನಮ್ಮ ಚಿಕ್ಕಿ ಮಹಾಲಕ್ಷ್ಮೀ ಇಡಗುಂಜಿ ದಾಟಿ ಹೊನ್ನಾವರಕ್ಕೆ ಹೋಗಬೇಕಾದರೂ ನಾಲ್ಕು ಸಲ ಯೋಚನೆ ಮಾಡುವವಳು. ಅಂಥವಳನ್ನು ಮುಂಬೈಗೆ ಎಳೆದು ತಂದವಳು ನಾನು, ಅವಳ ಅಕ್ಕನ ಮಗಳು ಶ್ರೀಗೌರಿ. ನಾನು ಕೆಲಸ ಮಾಡುವ ಕಲಾಕೇಂದ್ರದ ಅಂಗಳದಲ್ಲಿ ಅಡುಗೆ ಮತ್ತು ಚಿತ್ರಕಲೆಯ ಮೇಳವಿತ್ತು. ಈ ಶಹರದಲ್ಲಿ ನೆಲೆಸಿದ ಬೇರೆ ಬೇರೆ ದೇಶದವರೆಲ್ಲ ತಮ್ಮ ತಿಂಡಿ, ತಮ್ಮ ಕುಂಚ ಹಿಡಿದು ಬಂದು ಕೂತಿದ್ದರು. ಇರಾನಿನ ಮುದುಕರೊಬ್ಬರು ಕೇಸರಿ ಅನ್ನದ ಪಾತ್ರೆ ಪಕ್ಕಕ್ಕಿಟ್ಟುಕೊಂಡು ಚೆಂದದ ಅಕ್ಷರ ಬರೆಯುತ್ತಿದ್ದರು. ಇಥಿಯೋಪಿಯಾದ ಹೆಂಗಸರು ಕಾಫಿ ಬೀಜ ಹುರಿಯುತ್ತ ಬುಟ್ಟಿ ಹೆಣೆಯುತ್ತಿದ್ದರು. ಇಷ್ಟೆಲ್ಲದರ ನಡುವೆ ನಮ್ಮ ಕಡೆಯ ಸಿಹಿತಿಂಡಿ ತೊಡೆದೇವೂ ಇರಲೇಬೇಕು ಎಂದು ನಾನು ಹಟ ಹಿಡಿದಿದ್ದೆ.

ಚಿಕ್ಕಿ ಅಲ್ಲಿಯ ಒಂದು ತುತ್ತನ್ನೂ ಬಾಯಿಗೆ ಹಾಕಲಿಲ್ಲ. ಬಾಯಿಗೆ ಮಡಿ ಇತ್ತೇ ಹೊರತು ಕಣ್ಣಿಗೆ, ಮೂಗಿಗೆ ಇರಲಿಲ್ಲ. ಎಲ್ಲರ ಪಾತ್ರೆಯೊಳಗೂ ಇಣುಕಿ ನೋಡಿ ಬಂದಳು. "ಕಾಫಿ ಹುರಿಯೂದು ಮಾತ್ರ ನಮ್ಮಂಗೇ ಇದ್ದು ನೋಡು," ಎಂದು ಇಥಿಯೋಪಿಯಾವನ್ನು ಪಾಸು ಮಾಡಿದಳು. ತನ್ನ ಒಲೆಯ ಹತ್ತಿರ ಮಾತ್ರ ಯಾರನ್ನೂ ಬಿಟ್ಟುಕೊಳ್ಳಲಿಲ್ಲ. ಯಾರಾದರೂ ಕೈ ಚಾಚಿದರೆ ಸಾಕು, "ಮುಟ್ಟಡ, ಮುಟ್ಟಡ!" ಎನ್ನುತ್ತಿದ್ದಳು. ಮೇಳದವರೆಲ್ಲ ಕಲಿತ ಮೊದಲ ಕನ್ನಡದ ಮಾತು ಅದೇ.

ನಮ್ಮ ಪಕ್ಕದ ಮೇಜು ಕೊರಿಯಾದ ಹೇಜಿನ್‌ಳದು. ತೆಳ್ಳನೆಯ ಕಾಗದದ ಮೇಲೆ ಮಸಿಯಲ್ಲಿ ಬಿದಿರು ಬರೆಯುವವಳು. ಅವಳ ಮಗ ದೋಯುನ್ ಇನ್ನೂ ಒಂದನೆಯ ಇಯತ್ತೆ. ಅವನಿಗೆ ಅಮ್ಮನ ಬಿದಿರಿಗಿಂತ ಚಿಕ್ಕಿಯ ಗಡಿಗೆಯೇ ಮೋಜು. ಚಿಕ್ಕಿ ಉರಿಯ ಮೇಲೆ ಬೋರಲು ಹಾಕಿದ ಗಡಿಗೆಗೆ ಬಟ್ಟೆಯ ಗಂಟು ಒರೆಸಿ ಜಿಡ್ಡು ಹಚ್ಚುತ್ತಿದ್ದಳು. ಆಮೇಲೆ ಹಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಒಮ್ಮೆ ಎಳೆದರೆ ಆಯಿತು, ಚರ್ ಎಂದು ಪದರ ಮೂಡುತ್ತಿತ್ತು. ಹುಡುಗ ಅದನ್ನು ಬೆಳಕಿಗೆ ಹಿಡಿದು, ಇದೂ ಕಾಗದವೇ ಎಂದು ಅಮ್ಮನನ್ನು ಕೇಳಿದನಂತೆ.

"ನಿನ್ನ ಆಯಿ ಬರೆಯೂದು ಬರೀ ಕಾಗದ. ಇದು ತಿಂಬ ಕಾಗದ ತಮಾ," ಎಂದು ಚಿಕ್ಕಿ ನಕ್ಕಳು.

ಹೇಜಿನ್ ನನಗೆ ಹುಡುಗನ ಮುಂಗೈಯ ಪಟ್ಟಿ ತೋರಿಸಿದಳು. ಅದರ ಮೇಲೆ ಕಾಟು ಹೊಡೆದ ಶೇಂಗಾ ಕಾಯಿಯ ಚಿತ್ರವಿತ್ತು. ಇವನಿಗೆ ಶೇಂಗಾ ಆಗದು, ಚೂರು ಹೋದರೂ ಉಸಿರು ಕಟ್ಟುತ್ತದೆ, ಇದರಲ್ಲಿ ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಚಿಕ್ಕಿ, ತೊಡೆದೇವಿಗೆ ಶೇಂಗಾ ಹಾಕಿದ್ಯಾ?"

"ಶೇಂಗಾ ಎಂತಕ್ಕೆ? ಅಕ್ಕಿ, ಕಬ್ಬಿನ ಹಾಲು, ಏಲಕ್ಕಿ. ಮತ್ತೆಂತದೂ ಇಲ್ಲೆ."

ನಾನು ಹಾಗೆಯೇ ಹೇಳಿದೆ. ಹುಡುಗ ತಿಂದ. ಇನ್ನೊಂದು ಕೇಳಿ ಅದನ್ನೂ ತಿಂದ.

ಸ್ವಲ್ಪ ಹೊತ್ತಿಗೆ ಕೆಮ್ಮು ಶುರುವಾಯಿತು. ನೆತ್ತಿಗೆ ಹತ್ತಿರಬೇಕು ಎಂದು ನಾನು ನೀರು ತಂದೆ. ಅವನು ನೀರು ತಳ್ಳಿದ. ಅವನಿಗೆ ದಮ್ಮಿನ ತೊಂದರೆಯೂ ಇತ್ತಂತೆ. ಒಲೆಯ ಹೊಗೆ ತಾಗಿತು ಎಂದುಕೊಂಡ ಹೇಜಿನ್ ಚೀಲದಿಂದ ಪಂಪು ತೆಗೆದು ಬಾಯಿಗೆ ಹಿಡಿದಳು. ಪ್ರಯೋಜನವಾಗಲಿಲ್ಲ. ತುಟಿ ಊದಿಕೊಂಡಿತು, ಕುತ್ತಿಗೆಯ ತುಂಬ ಕೆಂಪು ದದ್ದು ಎದ್ದಿತು, ಎದೆಯಿಂದ ಸೀಟಿಯಂಥ ಸದ್ದು ಬರತೊಡಗಿತು. ಜನ ಸುತ್ತ ಸೇರಿ ಏನೇನೋ ಭಾಷೆಯಲ್ಲಿ ಕೂಗುತ್ತಿದ್ದರು.

ಆಗ ಚಿಕ್ಕಿಯ ದನಿ ಕೇಳಿತು. "ಗೌರೀ... ಗಂಟು."

ಕೈಯಲ್ಲಿದ್ದ ಜಿಡ್ಡಿನ ಗಂಟನ್ನೇ ನೋಡುತ್ತ ನಿಂತಿದ್ದಳು, ಮುಖ ಬಿಳಚಿಕೊಂಡಿತ್ತು. ನನಗೆ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಗಂಟು ಅದು. ನಮ್ಮ ಮನೆಯಲ್ಲಿ ಅದು ಸೌಟು, ಚಿಮಟಿಗೆಯ ಹಾಗೆ ಒಂದು ಸಾಮಾನು. ಅದರೊಳಗೇನಿದೆ ಎಂದು ಯಾರು ಯೋಚಿಸುತ್ತಾರೆ?

ಚಿಕ್ಕಿ ನನಗಾಗಿ ಕಾಯಲಿಲ್ಲ. ಗಂಟನ್ನು ಹಲ್ಲಿನಿಂದ ಕಚ್ಚಿ ಹರಿದಳು. ಮಡಿಯಲ್ಲಿದ್ದ ಆ ಹೆಂಗಸು! ಓಡಿಹೋಗಿ ಹೇಜಿನ್‌ಳ ಮೇಜಿನ ಮೇಲೆ, ಇನ್ನೂ ಒಣಗದ ಬಿದಿರಿನ ಚಿತ್ರದ ಮೇಲೆಯೇ ಸುರಿದಳು. ಜಿಡ್ಡಿಗೆಂದು ಒಳಗೆ ಕಟ್ಟಿದ್ದ ಜಜ್ಜಿದ ಶೇಂಗಾ. ಎಣ್ಣೆ ಕಾಗದದ ತುಂಬ ಹರಡಿತು.

ಹೇಜಿನ್ ನೋಡಿದಳು. ಪಂಪನ್ನು ಎಸೆದು, ಇಂಥ ಹೊತ್ತಿಗೆಂದೇ ಇಟ್ಟುಕೊಂಡಿದ್ದ ಪೆನ್ನಿನಂಥ ಮದ್ದಿನ ಸೂಜಿ ತೆಗೆದು ಚಡ್ಡಿಯ ಮೇಲಿಂದಲೇ ಮಗನ ತೊಡೆಗೆ ಚುಚ್ಚಿ ಒತ್ತಿ ಹಿಡಿದಳು.

ಆಸ್ಪತ್ರೆಯ ಬೆಂಚಿನ ಮೇಲೆ ಚಿಕ್ಕಿ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಒಳಗಿನ ಬಾಗಿಲು ತೆರೆದಾಗಲೆಲ್ಲ ಅದನ್ನು ಇನ್ನಷ್ಟು ಬಿಗಿಯಾಗಿ ಎಳೆಯುತ್ತಿದ್ದಳು.

"ಆನು ಮಾಣಿಯ ಕೊಂದ್ನಾ ಕೂಸೆ?"

"ಎಂತದೂ ಆಗ್ತಿಲ್ಲೆ ಚಿಕ್ಕಿ," ಎಂದೆ. ನನಗೇ ಧೈರ್ಯವಿರಲಿಲ್ಲ. ಅಷ್ಟು ಹೆದರಿಕೆ ನನಗೆ ಯಾವತ್ತೂ ಆಗಿಲ್ಲ. ಚಿಕ್ಕಿ ಇಡಗುಂಜಿಯ ಗಣಪತಿಗೆ ಹೇಳಿಕೊಳ್ಳಲು ಹೋದರೆ ಮಂತ್ರವೇ ಮರೆತುಹೋಗಿತ್ತು, ಬರೀ "ಅಪ್ಪಾ, ಅಪ್ಪಾ" ಎನ್ನುತ್ತಿದ್ದಳು. ಕೊನೆಗೆ ಡಾಕ್ಟರು ಬಂದು, ಹುಡುಗ ಉಸಿರಾಡುತ್ತಿದ್ದಾನೆ, ನಾಳೆಯವರೆಗೆ ಇಲ್ಲೇ ಇರಲಿ ಎಂದರು. ಅದನ್ನು ಕೇಳಿದ ಮೇಲೂ ಅವಳ ಮುಷ್ಟಿ ಬಿಚ್ಚಲಿಲ್ಲ.

ಮರುದಿನ ಚಿಕ್ಕಿ ಒಲೆ ಹಚ್ಚಲಿಲ್ಲ. ಮೇಜು, ನೆಲ, ಗೋಡೆ ಎಲ್ಲ ತಿಕ್ಕಿ ತೊಳೆದಳು. ಗಡಿಗೆಯನ್ನು ಗೋಣಿಯಲ್ಲಿ ಕಟ್ಟಿಟ್ಟಳು. ಮಧ್ಯಾಹ್ನದ ಮೇಲೆ ಹೇಜಿನ್ ಮಗನ ಕೈ ಹಿಡಿದು ಬರುವುದು ಕಂಡಿತು.

"ಬೈಯ್ಯೂಲೆ ಬಂತನೇ," ಎನ್ನುತ್ತ ಚಿಕ್ಕಿ ಕಂಬದ ಹಿಂದಕ್ಕೆ ಸರಿದಳು.

ಹೇಜಿನ್ ಬೈಯಲಿಲ್ಲ. ಕಂಬದ ಎದುರಿಗೇ ನಿಂತು ಸೊಂಟ ಬಗ್ಗಿಸಿ ವಂದಿಸಿದಳು. ನೀವು ಗಂಟು ಬಿಚ್ಚದಿದ್ದರೆ ನಾನು ಇನ್ನೂ ಪಂಪು ಒತ್ತುತ್ತಲೇ ಇರುತ್ತಿದ್ದೆ ಎಂದು ಹೇಳು ಅಂದಳು. ನಾನು ಹೇಳಿದೆ. ಚಿಕ್ಕಿಗೆ ಅದು ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ. ಅವಳು ಹುಡುಗನನ್ನೇ ನೋಡುತ್ತಿದ್ದಳು.

ಹುಡುಗ ಕೈ ಬಿಡಿಸಿಕೊಂಡು ಓಡಿ ಬಂದ, ಚಿಕ್ಕಿಯ ಕೈ ಹಿಡಿಯಲು.

"ಮುಟ್ಟಡ!"

ಆ ಕೂಗಿಗೆ ಅವನು ಅಲ್ಲೇ ನಿಂತ. ಚಿಕ್ಕಿ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ನನ್ನ ಮುಟ್ಟಡ ತಮಾ. ತಡಿ, ಕೈ ತೊಳ್ಕಂಡು ಬತ್ತೆ."

ಬೆಳಗಿನಿಂದ ಅವಳು ಕೈ ತೊಳೆಯುತ್ತಲೇ ಇದ್ದಳು. ಆದರೂ ನಳದ ಹತ್ತಿರ ಹೋಗಿ ಮೊಳಕೈಯವರೆಗೆ ಸೋಪು ಹಚ್ಚಿದಳು, ಮೂಸಿ ನೋಡಿದಳು, ಮತ್ತೆ ಹಚ್ಚಿದಳು. ಹುಡುಗ ಅವಳ ಪಕ್ಕದಲ್ಲೇ ಕೈ ಚಾಚಿಕೊಂಡು ಕಾಯುತ್ತಿದ್ದ.